ಮಂಗ ಒಯ್ದ ಹೆಲ್ಮೆಟ್ ಮತ್ತು ನಮ್ಮ ಮನೆಯ ನೀರು

ಬಾದಾಮಿಯ ಆ ಮಂಗ ಈಗ ಯಾವ ಬಂಡೆಯ ಮೇಲೆ ಕೂತಿದೆಯೋ, ಅದರ ಹೊಟ್ಟೆ ತಣ್ಣಗಿರಲಿ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ತಾಯಿ ಬನಶಂಕರಿ ನನಗೆ ಏನೇನು ಕೊಟ್ಟಳು ಎಂದು ಬೆರಳು ಮಡಚಿ ನೆನೆಯುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ನಳಕ್ಕೆ ನೀರು ಬಂತು, ಮಗಳ ಕೆಮ್ಮು ಕಡಿಮೆಯಾಯಿತು, ಇಂಥವೇ ಸಣ್ಣ ಸಣ್ಣವು. ಹೋದ ವರ್ಷದಿಂದ ಒಂದು ಬೆರಳು ಮಾತ್ರ ಆ ಮಂಗನಿಗೇ ಮೀಸಲು. ಆ ಬೆರಳು ಮಡಚುವಾಗ ಇವತ್ತಿಗೂ ನಗು ತಡೆಯಲಾಗುವುದಿಲ್ಲ. ದೇವರ ಮುಂದೆ ಹೀಗೆ ಕಿಸಿಕಿಸಿ ನಗಬಾರದು, ಗೊತ್ತು. ಆದರೆ ತಾಯಿಯೇ ಮಾಡಿಸಿದ ನಗು, ಆಕೆಯೇ ತಡೆದುಕೊಳ್ಳಲಿ.

ನನ್ನ ಯಜಮಾನರು ಪೊಲೀಸ್ ಹವಾಲ್ದಾರರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಬರೆದರೆ ಎರಡು ದಿನ ನನ್ನ ಜೊತೆ ಮಾತಾಡುವುದಿಲ್ಲ. ನಾವಿರುವುದು ಹುನಗುಂದದ ಒಂದು ಬಾಡಿಗೆ ಮನೆಯಲ್ಲಿ. ಅವರು ಹುಟ್ಟಿ ಬೆಳೆದದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಅತ್ತೆ ಈಗಲೂ ಅಲ್ಲೇ, ದೊಡ್ಡ ಮಗ, ಸೊಸೆ, ಮೊಮ್ಮಕ್ಕಳು, ಮಗ್ಗ, ಎಲ್ಲದರ ನಡುವೆ ಗಟ್ಟಿಮುಟ್ಟಾಗಿ ಇದ್ದಾರೆ. ಇಳಕಲ್ಲಿನಿಂದ ಹುನಗುಂದಕ್ಕೆ ಏನು ದೂರ? ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಊರು ಬಂದಿರುತ್ತದೆ. ಆದರೂ ಹೋದ ವರ್ಷದವರೆಗೆ, ನಾನು ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ, ಅತ್ತೆ ನಮ್ಮ ಮನೆಯಲ್ಲಿ ಒಂದು ಹನಿ ನೀರು ಕುಡಿದಿರಲಿಲ್ಲ.

ಬರುತ್ತಿರಲಿಲ್ಲ ಎಂದಲ್ಲ. ಮಗಳ ತೊಟ್ಟಿಲಿಗೆ ಬಂದರು, ಮನೆ ಬದಲಿಸಿದಾಗ ಬಂದರು. ಬರುವಾಗ ಸೊಂಟದಲ್ಲಿ ಒಂದು ತಂಬಿಗೆ, ಅದರ ಬಾಯಿಗೆ ಅರಿವೆ ಕಟ್ಟಿ ಇಳಕಲ್ಲಿನ ನೀರು. ಗಂಟಿನಲ್ಲಿ ಅವರದೇ ರೊಟ್ಟಿ, ಅವರದೇ ಚಟ್ನಿ. ನಮ್ಮ ಪಡಸಾಲೆಯಲ್ಲಿ ಕೂತು ಅದನ್ನೇ ಉಂಡು, ಮೊಮ್ಮಗಳ ಗಲ್ಲ ಹಿಂಡಿ, ನನ್ನ ತಲೆ ಸವರಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದರು. ಮಗ ಇಳಕಲ್ಲಿಗೆ ಹೋದರೆ ಎದುರಿಗೆ ಕೂಡಿಸಿ ಉಣಿಸುತ್ತಿದ್ದರು. ಸಿಟ್ಟು ಮಗನ ಮೇಲಲ್ಲ, ಅವನ ಅಂಗಿಯ ಮೇಲೆ.

ಅದರ ಕತೆ ಹೀಗೆ. ಯಜಮಾನರು ಇನ್ನೂ ಕಾಲೇಜಿನಲ್ಲಿದ್ದಾಗ ಒಬ್ಬ ಪೊಲೀಸ್ ಮನೆಗೆ ಬಂದು, ಅತ್ತೆ ತಮ್ಮ ಕೈಯಾರೆ ನೇಯ್ದಿಟ್ಟಿದ್ದ ಕೆಂಪು ಸೆರಗಿನ ಸೀರೆಯನ್ನು ಹೆಂಡತಿಗೆ ತೋರಿಸಿ ತರುತ್ತೇನೆ ಎಂದು ಒಯ್ದನಂತೆ. ಯಾವ ಊರಿನವನು ಎಂಬುದು ಬೇಡ. ಸೀರೆ ಬರಲಿಲ್ಲ. ಅತ್ತೆ ಸುಮ್ಮನಿರುವವರೇ? ವಾರಕ್ಕೊಮ್ಮೆ ಠಾಣೆಗೆ ಹೋಗಿ ಕಟ್ಟೆಯ ಮೇಲೆ ಕೂತರು. ಕೊನೆಗೆ ದೊಡ್ಡ ಸಾಹೇಬರು ಕರೆದು, "ಅವಗ ಶಿಕ್ಷಾ ಆಗೇತಿ ಅಮ್ಮಾ, ಎತ್ತಂಗಡಿ ಮಾಡೇವಿ" ಎಂದರಂತೆ. ಅತ್ತೆ ಸಮಾಧಾನದಿಂದ ಮನೆಗೆ ಬಂದರು. ಮುಂದಿನ ತಿಂಗಳು ಬಾಗಲಕೋಟೆಯ ಬಸ್ಸಿನಲ್ಲಿ ನೋಡುತ್ತಾರೆ, ಎದುರು ಸೀಟಿನಲ್ಲಿ ಅವರದೇ ಸೀರೆ! ಉಟ್ಟವಳು ಆ ಪೊಲೀಸನ ಹೆಂಡತಿ. ಮಾತಿಗೆ ಮಾತು ಬಂದು ತಿಳಿದದ್ದೇನೆಂದರೆ, ಅವನಿಗೆ ವರ್ಗವಾದದ್ದು ಹೆಂಡತಿಯ ತವರೂರಿಗೇ. ಮೂರು ವರ್ಷದಿಂದ ಬೇಡಿದ್ದ ಜಾಗ. ಆಕೆ ಸಂತೋಷದಿಂದ ಅತ್ತೆಯ ಕೈಗೆ ಒಂದು ಪೇಡೆ ಕೂಡ ಇಟ್ಟಳಂತೆ.

"ನನ್ನ ಸೀರಿ ಹೋದದ್ದಕ್ಕ ನನಗ ಅಳು ಬರಲಿಲ್ಲವಾ," ಎಂದು ಅತ್ತೆ ನನಗೆ ಹೇಳಿದ್ದರು. "ಆ ಪೇಡೆ ತಿಂದುಬಿಟ್ನೆಲ್ಲಾ, ಅದಕ್ಕ ಬಂತು."

ಆಮೇಲೆ ಇವರಿಗೇ ಪೊಲೀಸ್ ನೌಕರಿ ಸಿಕ್ಕಿತು. ಅತ್ತೆ ಬೇಡ ಎನ್ನಲಿಲ್ಲ. ದೇವರ ದೀಪದ ಮುಂದೆ ಮಗನನ್ನು ನಿಲ್ಲಿಸಿ ಇಷ್ಟೇ ಹೇಳಿದರು: "ಖಾಕಿ ಹಾಕ್ಕೊಂಡವ ತಪ್ಪು ಮಾಡಿ, ನಮ್ಮಂಥವರಕಿಂತ ಹೆಚ್ಚಿಗಿ ಶಿಕ್ಷಾ ತಿಂದದ್ದನ್ನ ನಾ ಒಮ್ಮೆರ ನೋಡಬೇಕು. ಅಲ್ಲೀತನಕಾ ನಿನ್ನ ಮನ್ಯಾಗ ನೀರು ಮುಟ್ಟೂದಿಲ್ಲ."

ಹೆಚ್ಚಿನ ಶಿಕ್ಷೆ ಏಕೆ, ಸಮನಾದದ್ದು ಸಾಲದೇ ಎಂದು ಕೇಳುವವರು ಆ ಮನೆಯ ಮಗ್ಗದ ಮುಂದೆ ಕೂತವರಲ್ಲ. ಮದುವೆಯಾದ ಹೊಸತರಲ್ಲಿ ನಾನು ಆರು ತಿಂಗಳು ಅಲ್ಲಿದ್ದೆ. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಕುಣಿಕೆ ತಪ್ಪಿದರೆ ತಪ್ಪು ಸೀರೆಯ ಉದ್ದಕ್ಕೂ ನಡೆದುಕೊಂಡು ಹೋಗುತ್ತದೆ. ಆ ಮನೆಯ ಕಟ್ಟಳೆ ಏನೆಂದರೆ, ಕೆಲಸ ಕಲಿಯುತ್ತಿರುವವರು ತಪ್ಪಿದರೆ ಒಂದು ಗೇಣು ಬಿಚ್ಚಿ ಮತ್ತೆ ಮಾಡಬೇಕು, ಕೆಲಸ ಬಲ್ಲವರು ತಪ್ಪಿದರೆ ಎರಡು ಗೇಣು. ನಾನು ಒಂದೊಂದು ಗೇಣಿನಂತೆ ಎಷ್ಟು ಬಿಚ್ಚಿದೆನೋ! ಒಂದು ದಿನ ಅತ್ತೆಯೇ ತಪ್ಪಿದರು. ಯಾರೂ ನೋಡಿರಲಿಲ್ಲ. ಊಟ ಮುಗಿಸಿ ಬಂದು, ಯಾರ ಹತ್ತಿರವೂ ಹೇಳದೆ, ತುಟಿ ಕಚ್ಚಿ ಎರಡು ಗೇಣು ಬಿಚ್ಚಿದರು. ಅವತ್ತು ನಾನು ಅವರ ಕಾಲಿಗೆ ಬಿದ್ದೆ. "ಏಳ, ಎಳಿ ತುಳೀತಿ," ಎಂದು ಬೈದರು.

ಇದು ಹಿನ್ನೆಲೆ. ಈಗ ಮಂಗ.

ಮಗಳಿಗೆ ಜ್ವರ ಬಿಡದಿದ್ದಾಗ ತಾಯಿಗೆ ಉಡಿ ತುಂಬುತ್ತೇನೆ ಎಂದು ಬೇಡಿಕೊಂಡಿದ್ದೆ. ಜ್ವರ ಬಿಟ್ಟಿತು. ಒಂದು ಶುಕ್ರವಾರ ಮಗಳನ್ನು ಸಾಲಿಗೆ ಕಳಿಸಿ, ಇಬ್ಬರೂ ಬೈಕಿನ ಮೇಲೆ ತಾಯಿಯ ಗುಡಿಯಿರುವ ಚೊಳಚಗುಡ್ಡಕ್ಕೆ ಹೊರಟೆವು. ಯಜಮಾನರಿಗೆ ನಾಲ್ಕು ಗಂಟೆಗೆ ಬಂದೋಬಸ್ತ್ ಇತ್ತು. ಹಾಗಾಗಿ ಖಾಕಿ ಪ್ಯಾಂಟು, ಮೇಲೆ ಗೆರೆ ಗೆರೆಯ ಅಂಗಿ, ಬೂಟು ಬೆಲ್ಟುಗಳು ಬೈಕಿನ ಪಕ್ಕದ ಪೆಟ್ಟಿಗೆಯಲ್ಲಿ. ಇಬ್ಬರ ತಲೆಯ ಮೇಲೂ ಹೆಲ್ಮೆಟ್. ಆ ವಿಷಯದಲ್ಲಿ ಅವರು ಭಾಳ ಕಟ್ಟುನಿಟ್ಟು. ಹೆಲ್ಮೆಟ್ ಇಲ್ಲದವರನ್ನು ಹಿಡಿಯುವುದರಲ್ಲಿ ಅವರ ಹೆಸರೇ ಮುಂದೆ.

ಉಡಿ ತುಂಬಿದೆ. ಹೊಂಡದ ದಂಡೆಯಲ್ಲಿ ಬುಟ್ಟಿ ಇಟ್ಟು ಮಾರುವ ಹೆಂಗಸರ ಹತ್ತಿರ ರೊಟ್ಟಿ, ಬದನೆಕಾಯಿ ಪಲ್ಯ, ಗಡಿಗೆಯ ಮೊಸರು ತೆಗೆದುಕೊಂಡು ಉಂಡೆವು. ಉಳಿದ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಚಟ್ನಿ ನನ್ನ ಚೀಲಕ್ಕೆ ಹೋದವು. ಬರುವಾಗ ಬಾದಾಮಿಯಲ್ಲಿ, ಗುಡ್ಡದ ಬದಿಯ ರಸ್ತೆಯ ಒಂದು ಅಂಗಡಿಯಲ್ಲಿ ಚಹಾಕ್ಕೆ ನಿಂತೆವು. ನನ್ನ ಕೈಯಲ್ಲಿ ತಾಯಿಯ ಪ್ರಸಾದ, ಒಂದು ಹೋಳು ಕಾಯಿ, ನಾಲ್ಕು ಬಾಳೆಹಣ್ಣು, ಹೂವು, ಕುಂಕುಮ. ಎಲ್ಲಿಡುವುದು? ಚೀಲದಲ್ಲಿ ಬೆಳ್ಳುಳ್ಳಿ. ಪೆಟ್ಟಿಗೆಯಲ್ಲಿ ಬೂಟು. ನೆಲದ ಮೇಲೆ ಇಡಲಾದೀತೇ? ಯಜಮಾನರ ಹೆಲ್ಮೆಟ್ ಬೈಕಿನ ಕನ್ನಡಿಗೆ ಬುಟ್ಟಿಯ ಹಾಗೆ ತೂಗುತ್ತಿತ್ತು. ತಲೆಯ ಮೇಲೆ ಹೊರುವ ವಸ್ತು, ಅದಕ್ಕಿಂತ ಮಡಿಯಾದ ಜಾಗ ಇನ್ನಾವುದು ಎಂದುಕೊಂಡು, ಪ್ರಸಾದವನ್ನು ಕಣ್ಣಿಗೊತ್ತಿ ಅದರಲ್ಲಿಟ್ಟೆ. ಬಾದಾಮಿಯಲ್ಲಿ! ಹಾಲು ಕುಡಿಯುವ ಕೂಸಿನ ಕೈಯ ಬಿಸ್ಕೀಟನ್ನೂ ಬಿಡದ ಮಂಗಗಳ ಊರಿನಲ್ಲಿ!

ಚಹಾ ಅರ್ಧ ಆಗಿರಬೇಕು.

"ಪ್ರಸಾದ ಎಲ್ಲಿಟ್ಟಿ?" ಎಂದರು.

"ಹೆಲ್ಮೆಟ್ಟಿನ್ಯಾಗರಿ."

"ಹೆಲ್ಮೆಟ್ ಎಲ್ಲೈತಿ?"

"ಬೈಕಿನ ಮ್ಯಾಲ."

ಇಬ್ಬರೂ ಒಟ್ಟಿಗೆ ತಿರುಗಿದೆವು. ಬೈಕಿನ ಮೇಲೆ ಒಂದು ಮಂಗ ಕೂತಿತ್ತು. ನಮ್ಮನ್ನು ನೋಡಿತು. ಅವಸರವಿಲ್ಲದೆ ಹೆಲ್ಮೆಟ್ಟನ್ನು ಬಗಲಿಗೆ ಸಿಕ್ಕಿಸಿಕೊಂಡು, ಡ್ಯೂಟಿ ಮುಗಿಸಿ ಮನೆಗೆ ಹೋಗುವವರ ಹಾಗೆ ಗೋಡೆ ಹತ್ತಿ, ಮಾಳಿಗೆ ಹತ್ತಿ, ಬಂಡೆಯ ಮೇಲೆ ಹೋಗಿ ಕೂತಿತು.

ಚಹಾದ ಅಂಗಡಿಯವನು ಉಪಾಯ ಹೇಳಿದ: "ಸಾಹೇಬ್ರ, ಬಾಳಿಹಣ್ಣು ತೋರಿಸ್ರಿ, ಅದು ಹೆಲ್ಮೆಟ್ ಒಗೀತೈತಿ." ಅವರು ಅವನ ಹತ್ತಿರವೇ ಒಂದು ಹಣ್ಣು ಕೊಂಡು ತೋರಿಸಿದರು. ಮಂಗ ಇಳಿದು ಬಂತು. ಒಂದು ಕೈಯಲ್ಲಿ ಹಣ್ಣು ತೆಗೆದುಕೊಂಡಿತು, ಇನ್ನೊಂದು ಕೈಯಲ್ಲಿ ಹೆಲ್ಮೆಟ್ ಹಿಡಿದೇ ಇತ್ತು. ಮತ್ತೆ ಮೇಲೆ ಹೋಯಿತು.

ಯಜಮಾನರಿಗೆ ಠಾಣೆಯ ದನಿ ಬಂತು. "ಏ! ಇಳೀ ಕೆಳಗ!"

"ಕೇಸ್ ಹಾಕ್ರಿ ಸಾಹೇಬ್ರ, ಬಿಡಬ್ಯಾಡ್ರಿ," ಎಂದ ಚಹಾ ಕುಡಿಯುತ್ತಿದ್ದ ಒಬ್ಬ ಮುದುಕ.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದೆ. ಮೇಲೆ ಬಂಡೆಯ ಮೇಲೆ ಒಂದು ಮರಿಮಂಗ ಹೆಲ್ಮೆಟ್ಟಿನ ಒಳಗೆ ಇಳಿದು ಕೂತು, ತಾಯಿಯ ಪ್ರಸಾದದ ಕಾಯಿ ತಿನ್ನುತ್ತಿತ್ತು. ಅಷ್ಟು ಸುಖದಿಂದ ಪ್ರಸಾದ ತಿಂದ ಭಕ್ತರನ್ನು ನಾನು ನೋಡಿಲ್ಲ.

ಇಲ್ಲಿಯವರೆಗಿನ ತಪ್ಪು ನನ್ನದು. ಮುಂದಿನದು ಅವರದು. "ಇಲ್ಲೇ ಪ್ಯಾಟಿಯೊಳಗ ಒಂದು ಹೆಲ್ಮೆಟ್ ತಗೊಂಡು ಹೋಗೂಣ್ರಿ," ಎಂದೆ.

"ಹೊತ್ತಾತು. ಮನ್ಯಾಗ ಹಳೇದೊಂದು ಐತಿ."

"ದಾರ್ಯಾಗ ಯಾರರ ಹಿಡದ್ರ?"

ಅವರು ಬೈಕಿಗೆ ಕಿಕ್ ಹೊಡೆಯುತ್ತಾ ನಕ್ಕರು. "ನನ್ನ? ನನ್ನ ಯಾರು ಹಿಡೀತಾರ?"

ಆ ಮಾತಿಗೆ ನಾನು ಬೈಕಿನಿಂದ ಇಳಿಯಬೇಕಿತ್ತು. ಇಳಿಯಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದರೆ, ನನಗೆ ಖುಷಿಯೇ ಆಯಿತು. ನನ್ನ ತಲೆಯ ಮೇಲೆ ಹೆಲ್ಮೆಟ್, ಅವರ ತಲೆಯ ಮೇಲೆ ಬರೀ ಗಾಳಿ. ಐಹೊಳೆಯ ಹಳೆಯ ಗುಡಿಗಳ ಬದಿಯಲ್ಲಿ ಹಾಯುವಾಗ ಅವರ ಕೂದಲು ಎದ್ದು ನಿಂತಿತ್ತು. "ಕಾಲೇಜಿಗೆ ಹೊಂಟಂಗ ಆಗೇತಿ ನೋಡು!" ಎಂದು ಕೂಗಿದರು. ನಾನೂ ಹಿಂದಿನಿಂದ "ಹೌದ್ರೀ!" ಎಂದು ಕೂಗಿದೆ. ಕಾನೂನು ಮುರಿಯುವುದರಲ್ಲಿ ಒಂದು ಸುಖವಿದೆ. ಅದಕ್ಕೇ ಕಾನೂನು ಬೇಕು.

ಅಮೀನಗಡದ ಹತ್ತಿರ ದಾರಿಯ ನಡುವೆ ಬ್ಯಾರಿಕೇಡ್. ಬೇರೆ ಕಡೆಯಿಂದ ಬಂದಿದ್ದ ತಪಾಸಣೆಯ ತಂಡ. ಮುಂದೆ ನಿಂತವರು ನನ್ನ ತಂಗಿಯ ವಯಸ್ಸಿನ ಒಬ್ಬ ಪಿಎಸ್‌ಐ ಮೇಡಮ್. ಕೈ ಅಡ್ಡ ಹಿಡಿದರು. ಯಜಮಾನರು ಗಾಬರಿಯಾಗಲಿಲ್ಲ. ಬೈಕ್ ನಿಲ್ಲಿಸಿ, ಸೆಲ್ಯೂಟ್ ಹೊಡೆದು, ಜೇಬಿನಿಂದ ಗುರುತಿನ ಚೀಟಿ ತೆಗೆದು, ನಮ್ಮವರೇ ಎಂಬ ನಗೆಯೊಂದಿಗೆ ತೋರಿಸಿದರು.

ಮೇಡಮ್ ಚೀಟಿಯನ್ನು ನೋಡಿದರು. ಅವರ ಬರಿದಲೆಯನ್ನು ನೋಡಿದರು. ನನ್ನ ಹೆಲ್ಮೆಟ್ಟನ್ನು ನೋಡಿದರು.

"ಹೆಲ್ಮೆಟ್ ಎಲ್ರಿ?"

"ಮಂಗ ಒಯ್ತು ಮೇಡಮ್."

ಹಿಂದೆ ಸಾಲಿನಲ್ಲಿ ನಿಂತವರು ಘೊಳ್ಳನೆ ನಕ್ಕರು. ಮೇಡಮ್ ನಗಲಿಲ್ಲ. "ಇವತ್ತು ಮುಂಜಾನಿಂದ ಭಾಳ ಕಾರಣ ಕೇಳೇನಿ. ಇದು ಹೊಸಾದು. ಮಂಗ ಎಲ್ಲಿ ಒಯ್ತು?"

"ಬಾದಾಮ್ಯಾಗ್ರಿ."

"ಬಾದಾಮಿಂದ ಇಲ್ಲೀತನಕಾ ಒಂದೂ ಅಂಗಡಿ ಇಲ್ಲೇನ್ರಿ?"

ಅಷ್ಟರಲ್ಲಿ ರಸ್ತೆಯ ಆಚೆಯ ಕರದಂಟಿನ ಅಂಗಡಿಯಿಂದ ಒಬ್ಬರು ಕೈ ಒರೆಸಿಕೊಳ್ಳುತ್ತಾ ಬಂದೇಬಿಟ್ಟರು. "ನಮಸ್ಕಾರ ಸಾಹೇಬ್ರ! ಗುರುತು ಸಿಕ್ಕಿತೇನ್ರಿ? ದೀಪಾವಳಿ ಮುಂದ ನನ್ನ ಹಿಡದಿದ್ರಿ. ದವಾಖಾನಿಗೆ ಹೊಂಟೇನಿ ಅಂತ ಕೈ ಮುಗಿದ್ರೂ ಬಿಡಲಿಲ್ಲ. ಕಾನೂನು ಎಲ್ಲಾರಿಗೂ ಒಂದ ಅಂದ್ರಿ."

"ಹೌದ್ರಿ, ಒಂದ," ಎಂದರು ಯಜಮಾನರು, ಗಂಟಲಿನೊಳಗೆ.

"ಒಂದ ಅಲ್ಲ," ಎಂದರು ಮೇಡಮ್, ಕೈಯಲ್ಲಿದ್ದ ದಂಡದ ಯಂತ್ರದಲ್ಲಿ ಒತ್ತುತ್ತಾ. "ಈ ಕಾನೂನು ಕಾಯೋರ ಇದನ್ನ ಮುರದ್ರ ಎರಡು ಪಟ್ಟು ದಂಡ ಐತಿ. ಚೀಟಿ ತೋರಿಸದಿದ್ರ ನನಗ ಗೊತ್ತಾಗ್ತಿರಲಿಲ್ಲ, ಒಂದ ಹಾಕ್ತಿದ್ದೆ. ನೀವಾಗಿ ತೋರಿಸಿದ್ರಿ. ಈಗ ಎರಡು."

ಎರಡು!

ಆ ಶಬ್ದ ನನ್ನ ಹೆಲ್ಮೆಟ್ಟಿನೊಳಗೆ ಗಂಟೆಯ ಹಾಗೆ ಬಡಿಯಿತು. ಎರಡು ಪಟ್ಟು. ಎರಡು ಗೇಣು. ಅತ್ತೆ. ನೀರು. ನನಗೆ ನಗು ಬಂತೋ ಅಳು ಬಂತೋ, ಹೆಲ್ಮೆಟ್ಟಿನ ಗಾಜಿನ ಮೇಲೆ ಹಬೆ ಕಟ್ಟಿ ಮುಂದಿನದು ಕಾಣದಾಯಿತು. ಗಾಜು ಎತ್ತಿ, "ಮೇಡಮ್, ದಂಡದ ಪಾವತಿ ಚೀಟಿ ಕೊಡ್ತೀರಲ್ರಿ?" ಎಂದೆ.

"ಕೊಡ್ತೇನಿ. ಯಾಕ್ರಿ?"

"ಅದರ ಮ್ಯಾಲ ಪೊಲೀಸ್ ಆಗಿದ್ದಕ್ಕ ಎರಡು ಪಟ್ಟು ಅಂತ ಬರೀರಿ. ನಿಮ್ಮ ಕೈಯಿಂದನ ಬರದು ಸಹಿ ಮಾಡ್ರಿ. ಅಕ್ಷರ ದೊಡ್ಡೂ ಇರಲಿ, ನಮ್ಮ ಅತ್ತಿಗೆ ಕಣ್ಣು ಮಂಜು."

"ಏನ್ ಮಾಡಾಕ್ಹತ್ತಿ ನೀ?" ಎಂದರು ಯಜಮಾನರು, ಹಲ್ಲು ಕಚ್ಚಿ.

ನಾನು ಮೇಡಮ್ಮಿಗೆ ಎಲ್ಲ ಹೇಳಿದೆ. ಸೀರೆ, ವರ್ಗ, ಪೇಡೆ, ತಂಬಿಗೆ. ಸಾಲಿನಲ್ಲಿದ್ದವರೂ ಕೇಳಿದರು. ತಮ್ಮ ತಮ್ಮ ದಂಡವನ್ನೇ ಮರೆತು ಕೇಳಿದರು. ಮೇಡಮ್ಮರ ಮುಖದಲ್ಲಿ ಆಗ ಮೊದಲ ಸಲ ನಗು ಕಂಡಿತು. "ದಂಡ ಹಾಕಿಸ್ಕೊಂಡು ಹಿಂಗ ಕುಣಿಯೋರನ್ನ ನಾ ನೋಡೇ ಇಲ್ರಿ ಅಕ್ಕಾ," ಎಂದು ಪಾವತಿ ಚೀಟಿಯ ಹಿಂದೆ ದುಂಡಗೆ ಬರೆದು ಸಹಿ ಮಾಡಿದರು. ಆಮೇಲೆ ಮತ್ತೆ ಮುಖ ಬಿಗಿದು, "ಹೆಲ್ಮೆಟ್ ಇಲ್ದ ಗಾಡಿ ಬಿಡೂದಿಲ್ಲ," ಎಂದರು.

ಕರದಂಟಿನ ಅಂಗಡಿಯವರು ಓಡಿಹೋಗಿ ತಮ್ಮ ಹೆಲ್ಮೆಟ್ ತಂದರು. "ಹಾಕ್ಕೊಳ್ರಿ ಸಾಹೇಬ್ರ. ನೀವು ದಂಡ ಹಾಕಿದ ಮರುದಿನಾನ ತಗೊಂಡದ್ದು. ಸ್ವಲ್ಪ ಬೆಲ್ಲ ಹತ್ತೇತಿ, ಏನೂ ಆಗೂದಿಲ್ಲ." ಅದನ್ನು ಹಾಕಿಕೊಂಡು ಯಜಮಾನರು ಅಮೀನಗಡದಿಂದ ಹೊರಟರು. ಹುನಗುಂದದವರೆಗೂ ಒಂದು ನೊಣ ಅವರ ಜೊತೆಗೇ ಬಂತು.

ಮನೆಯಲ್ಲಿ ಬೂಟು ಕಟ್ಟಿಕೊಳ್ಳುವಾಗ ಸಿಟ್ಟು ಹೊರಬಿತ್ತು. "ಅವ್ವಗ ಹೇಳಬ್ಯಾಡ."

"ಯಾಕ್ರಿ? ಹನ್ನೊಂದು ವರ್ಷ ಕಾದೇನಿ."

"ಬಿಸಿಲಾಗ ಹನ್ನೆರಡು ತಾಸು ನಿಂದರತೇನಿ. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ. ಮಂದಿ ತಪ್ಪು ಮಾಡಿದ್ರ ಒಂದು, ನಾ ಮಾಡಿದ್ರ ಎರಡು. ಪಗಾರ ಎರಡು ಕೊಡ್ತಾರೇನು?"

ಅವರ ಮಾತು ಸುಳ್ಳಲ್ಲ. ಆ ಬಿಸಿಲನ್ನು ಅವರ ಬೆನ್ನಿಗೆ ಎಣ್ಣೆ ಹಚ್ಚುವ ನಾನು ಬಲ್ಲೆ. ಆದರೂ ಹೇಳಿದೆ: "ಪಗಾರ ಒಂದ ಕೊಡ್ತಾರ ಖರೆ. ಆದ್ರ ಸೀಟಿ ನಿಮ್ಮ ಕೈಯಾಗ ಕೊಟ್ಟಾರಲ್ರಿ. ನಿಮ್ಮ ಸೀಟಿ ಕೇಳಿ ನಾವು ನಿಂದರತೇವಿ. ನೀವು ಯಾರ ಸೀಟಿಗೆ ನಿಂದರತೀರಿ?"

ಬೂಟಿನ ಲೇಸು ಬಿಗಿದು ಡ್ಯೂಟಿಗೆ ಹೋದರು. ನಾನು ಪಾವತಿಯನ್ನು ದೇವರ ಜಗಲಿಯ ಮೇಲೆ ಕುಂಕುಮದ ಭರಣಿಯ ಕೆಳಗೆ ಇಟ್ಟೆ. ನಾನೇ ಬಸ್ಸು ಹತ್ತಿ ಹೋಗಿ ಅತ್ತೆಗೆ ತೋರಿಸಬಹುದಿತ್ತು. ಕಾಲು ತುರಿಸುತ್ತಿದ್ದವು. ಆದರೆ ಅತ್ತೆ ನಂಬುವುದು ತಪ್ಪು ಮಾಡಿದವನ ಬಾಯಿಯಿಂದ ಬಂದರೆ ಮಾತ್ರ. ಶನಿವಾರವಿಡೀ ಅವರು ಮಾತಾಡಲಿಲ್ಲ. ನಾನು ಬೇಕೆಂದೇ ಎರಡೆರಡು ರೊಟ್ಟಿ ಒಟ್ಟಿಗೆ ಬಡಿಸಿದೆ. ದುರುಗುಟ್ಟಿ ನೋಡಿದರು, ತಿಂದರು.

ಭಾನುವಾರ ಮುಂಜಾನೆ ಹೆಲ್ಮೆಟ್ ತಿರುಗಿ ಕೊಡಲು ಅಮೀನಗಡಕ್ಕೆ ಹೋದವರು ಬರುವಾಗ ಒಂದು ಹೊಸ ಹೆಲ್ಮೆಟ್, ಒಂದು ಕರದಂಟಿನ ಡಬ್ಬಿ ತಂದರು. ಡಬ್ಬಿಯನ್ನು ನನ್ನ ಕೈಗೆ ಕೊಡುತ್ತಾ, ಗೋಡೆ ನೋಡಿಕೊಂಡು ಹೇಳಿದರು: "ಆ ಅಂಗಡಿಯವ ರೊಕ್ಕಾ ತಗೊಳ್ಳಲಿಲ್ಲ, ಒತ್ತಿ ಕೊಟ್ಟು ಬಂದೆ. ಏನಂದ ಗೊತ್ತೈತೇನು? ನೀವು ಎರಡು ಪಟ್ಟು ತುಂಬಿದ್ದು ನೋಡಿದ ಮ್ಯಾಲ, ನನಗ ಹಾಕಿದ್ದ ದಂಡ ನ್ಯಾಯ ಅನಿಸ್ತು ಅಂದ. ಇಷ್ಟ ದಿವಸ ನನಗ ದಿನಾ ಬೈತಿದ್ನಂತ."

"ಮತ್ತ?"

"ಮತ್ತೇನು? ಆ ಪಾವತಿ ತಗೋ. ನಡಿ ಇಳಕಲ್ಲಿಗೆ."

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆವು. ನಾವು ಹೋದಾಗ ಅತ್ತೆ ಪಡಸಾಲೆಯಲ್ಲಿ ಕೂತು ಕೊಂಡಿ ಹಾಕುತ್ತಿದ್ದರು. ಒಂದು ಬದಿ ಕಪ್ಪು ಒಡಲು, ಇನ್ನೊಂದು ಬದಿ ಕೆಂಪು ಸೆರಗು, ನಡುವೆ ಅವರ ಬೆರಳು. ನಾನು ಹೊಸ್ತಿಲ ಹತ್ತಿರವೇ ಕೂತೆ. ಯಜಮಾನರು ಸಾಲಿಯ ಹುಡುಗನ ಹಾಗೆ ಕೈ ಕಟ್ಟಿ ನಿಂತು, ಮಂಗನಿಂದ ಹಿಡಿದು ಎಲ್ಲ ಹೇಳಿ, ಪಾವತಿ ಮುಂದೆ ಹಿಡಿದರು. ಅತ್ತೆ ಚಷ್ಮಾ ಹಾಕಿಕೊಂಡು ಮುಂದೆ ಓದಿದರು, ಹಿಂದೆ ಓದಿದರು.

"ಆ ಹೆಣ್ಮಗಳು ಭಾಳ ಚಂದ ಬರದಾಳ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಆಕಿ ಕೇಳೂಕಿಂತ ಮೊದಲ ನೀ ಗುರುತಿನ ಚೀಟಿ ಯಾಕ ತೋರಿಸ್ದಿ, ತಮ್ಮಾ?"

ಇಲ್ಲೇ ಎಲ್ಲವೂ ತೂಗುತ್ತಿದೆ ಎಂದು ನನಗೆ ಗೊತ್ತಾಯಿತು. ನಿಯಮ ಇದೆ ಎಂದು ತೋರಿಸಿದೆ ಎಂದುಬಿಟ್ಟರೆ ನಮ್ಮ ಮನೆಯ ನೀರು ಮತ್ತೆ ಹನ್ನೊಂದು ವರ್ಷ ಕಾಯಬೇಕು. ತಾಯೀ, ತಾಯೀ ಎಂದು ಒಳಗೇ ಜಪಿಸಿದೆ.

"ಬಿಡ್ತಾರ ಅಂತ, ಯವ್ವಾ," ಎಂದರು. ದನಿ ಸಣ್ಣದಾಗಿತ್ತು. "ಪೊಲೀಸ ಅಂದ್ರ ಬಿಡ್ತಾರ ಅಂತ ತೋರಿಸ್ದೆ."

"ಅಂದ್ರ, ಹೆಲ್ಮೆಟ್ ಇಲ್ದದ್ದು ಒಂದು ತಪ್ಪು. ಬಿಡ್ತಾರ ಅಂದ್ಕೊಂಡದ್ದು ಎರಡನೇದು."

"ಹೌದು."

"ಹಂಗಾರ ಎರಡು ಪಟ್ಟು ಏನೂ ಹೆಚ್ಚಲ್ಲ. ಬರೋಬ್ಬರಿ ಐತಿ." ಪಾವತಿಯನ್ನು ಮಡಚಿ ಮೊಣಕಾಲಿನ ಕೆಳಗೆ ಇಟ್ಟುಕೊಂಡರು. "ತಲಿಗೆ ಟೊಪ್ಪಿಗಿ ಇಲ್ದದ್ದಕ್ಕ ಎರಡು. ಮತ್ತ ಬಡವರ ಮ್ಯಾಲ ಕೈ ಮಾಡಿದವರಿಗೆ? ಸೀರಿ ಒಯ್ದವಗ?"

"ಅದನ್ನ ನಾ ಹೇಳಾಕ ಬರೂದಿಲ್ಲವ್ವಾ. ಕೋರ್ಟು ಹೇಳಬೇಕು."

"ಕೋರ್ಟು ಇಲ್ಲೆ ಇಲ್ಲ. ನೀ ಅದಿ. ನೀ ಏನಂತಿ?"

ಅವರು ಅಂಗಳದ ಕಡೆ ನೋಡಿದರು. "ನಾ ಅಂತೇನಿ, ಮಂದಿಗಿಂತ ಹೆಚ್ಚಿಗೀನ ಆಗಬೇಕು. ವರ್ಗ ಮಾಡೂದು ಶಿಕ್ಷಾ ಅಲ್ಲ."

ಯಜಮಾನರು ಆ ಮಾತನ್ನು ನೆಟ್ಟಗೆ ನಿಂತು ಹೇಳಿದರು. ನನಗೂ ಅದೇ ಸರಿ ಅನ್ನಿಸುತ್ತದೆ. ತಪ್ಪು ಎಲ್ಲರೂ ಮಾಡುತ್ತೇವೆ. ಆದರೆ ತಪ್ಪು ಯಾವುದೆಂದು ಬಲ್ಲವನು, ಇನ್ನೊಬ್ಬರನ್ನು ಅದಕ್ಕೇ ಹಿಡಿಯುವವನು ಮಾಡಿದರೆ ಅವನು ಹೆಚ್ಚು ಬಿಚ್ಚಬೇಕು. ಬಿಚ್ಚಿದ ಮೇಲೆ ಮುಗಿಯಿತು, ಅವನನ್ನೂ ಪಂಕ್ತಿಗೆ ಕರೆದು ಉಣಿಸಬೇಕು. ಇಷ್ಟೇ ನನಗೆ ತಿಳಿಯುವುದು.

ಅತ್ತೆ ಸ್ವಲ್ಪ ಸರಿದು ಜಾಗ ಮಾಡಿದರು. "ಕುಂದರ. ಕೊಂಡಿ ಹಾಕು. ಸಣ್ಣಾವ ಇದ್ದಾಗ ಬರ್ತಿತ್ತಲ್ಲ."

ಹವಾಲ್ದಾರರು ಕೂತರು. ಲಾಠಿ ಹಿಡಿಯುವ ಆ ದಪ್ಪ ಬೆರಳುಗಳಲ್ಲಿ ರೇಷ್ಮೆಯ ಎಳೆ! ಹತ್ತು ಕುಣಿಕೆ ಹಾಕುವಷ್ಟರಲ್ಲಿ ಹಣೆಯ ಮೇಲೆ ಬೆವರು. ಇಪ್ಪತ್ತನೆಯದೋ ಮೂವತ್ತನೆಯದೋ ತಪ್ಪಿತು. ನಾನು ನೋಡಿದೆ, ಅತ್ತೆಯೂ ನೋಡಿದರು, ಇಬ್ಬರೂ ಬಾಯಿ ಬಿಡಲಿಲ್ಲ. ಅವರೇ ನಿಲ್ಲಿಸಿದರು. "ತಪ್ತು," ಎಂದರು. ಬಿಚ್ಚತೊಡಗಿದರು. ಒಂದು ಗೇಣು ಬಿಚ್ಚಿ ತಾಯಿಯ ಮುಖ ನೋಡಿದರು.

"ನನ್ನ ಮುಖ ಯಾಕ ನೋಡ್ತಿ? ನೀ ಬಲ್ಲಾಂವನೋ, ಕಲಿಯಾಂವನೋ?"

"ಬಲ್ಲಾಂವ," ಎಂದು ಇನ್ನೊಂದು ಗೇಣು ಬಿಚ್ಚಿದರು.

ಅತ್ತೆಗೆ ನಗು ಒಡೆಯಿತು. ನಕ್ಕು ನಕ್ಕು ಚಷ್ಮಾ ಜಾರಿತು. "ಅಯ್ಯ, ಎರಡು ಗೇಣ ಸೆರಗು ಹಾಳು ಮಾಡಿದಿ ಭಾಡ್ಯಾ! ಏಳು, ಏಳು, ಇನ್ನೂ ಕುಂತ್ರ ಸೀರೀನ ಉಳಿಯೂದಿಲ್ಲ!" ನಾನಂತೂ ಹೊಸ್ತಿಲ ಮೇಲೆ ಹೊಟ್ಟೆ ಹಿಡಿದುಕೊಂಡಿದ್ದೆ. ನಗುತ್ತಲೇ ಅತ್ತೆ ಎದ್ದು, ಸೆರಗು ಜಾಡಿಸಿ, ಒಳಗೆ ಹೋದರು. ಬಂದಾಗ ಸೊಂಟದಲ್ಲಿ ಆ ತಂಬಿಗೆ ಇತ್ತು. ಮತ್ತೆ ಇಳಕಲ್ಲಿನ ನೀರೇ ಎಂದುಕೊಂಡೆ. ಅದನ್ನು ನನ್ನ ಕೈಗೆ ಕೊಟ್ಟು, "ಹಿಡಿ. ಖಾಲಿ ಐತಿ," ಎಂದರು.

ಮಗನ ಬೈಕಿನ ಮೇಲೆಯೇ ಬರುತ್ತೇನೆ ಎಂದು ಹಟ ಹಿಡಿದರು. ನಾನು ನನ್ನ ಹೆಲ್ಮೆಟ್ಟನ್ನು ಅವರ ಸೆರಗಿನ ಮೇಲೆಯೇ ಹಾಕಿ ಪಟ್ಟಿ ಕಟ್ಟಿದೆ. "ಇದರಾಗ ಬಾಳಿಹಣ್ಣು ಇಟ್ಟಿಲ್ಲಲ್ಲಾ?" ಎಂದು ಕೇಳಿದರು. ಓಣಿಯವರೆಲ್ಲ ಕಟ್ಟೆಗೆ ಬಂದು ನೋಡಿದರು. ಅವರು ಬೈಕಿನಲ್ಲಿ, ನಾನು ಖಾಲಿ ತಂಬಿಗೆ ಮಡಿಲಲ್ಲಿಟ್ಟುಕೊಂಡು ಹಿಂದಿನಿಂದ ಬಸ್ಸಿನಲ್ಲಿ. ಕಂಡಕ್ಟರ್ ಟಿಕೆಟ್ ಕೊಡುತ್ತಾ, "ಏನ್ರಿ ಅಕ್ಕಾರ, ಒಬ್ಬರ ನಗಾಕ್ಹತ್ತೀರಿ?" ಎಂದ.

ನಾನು ಓಣಿಗೆ ಬಂದಾಗ ಅತ್ತೆ ನಮ್ಮ ಮನೆಯ ಬಾಗಿಲ ಮುಂದೆ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದರು. ಮಗ ತೆಗೆಯಲು ಹೋದರೆ, "ಇರಲಿ ಬಿಡ, ತಂಪ ಐತಿ," ಎನ್ನುತ್ತಿದ್ದರು. ನಾನು ಒಳಗೆ ಓಡಿ, ತಂಬಿಗೆ ತೊಳೆದು, ನಮ್ಮ ಮನೆಯ ಗಡಿಗೆಯ ನೀರು ತುಂಬಿ ತಂದೆ. ಅವಸರಕ್ಕೆ ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು. ಅತ್ತೆ ಹೊಸ್ತಿಲು ದಾಟಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ತಂಬಿಗೆಯನ್ನು ಎತ್ತಿ ಗಟಗಟನೆ ಕುಡಿದರು. ಗಂಟಲು ಏರಿ ಇಳಿಯುವುದನ್ನು ನಾನು ಕಣ್ಣು ಪಿಳುಕಿಸದೆ ನೋಡಿದೆ.

ಕುಡಿದು, ಬಾಯಿ ಒರೆಸಿಕೊಂಡು, ಖಾಲಿ ತಂಬಿಗೆಯನ್ನು ನನ್ನ ಕಡೆ ಚಾಚಿದರು.

"ಇನ್ನೊಂದು ತಾರವಾ. ಪೊಲೀಸರ ಮನಿ, ಎರಡು ಪಟ್ಟು ಕುಡೀಬೇಕು."